ಖಾರದ ಪುಟ್ಟ ಟಾರ್ಟ್: ಹಿಟ್ಟು ಬದಲಿಸುವ ಮೊದಲು ಕಣಕ ತೆಳ್ಳಗೆ ಲಟ್ಟಿಸಿ

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲರಿಗೂ ತರಕಾರಿ, ಚೀಸ್ ಹಾಕಿದ ಖಾರದ ಟಾರ್ಟ್ ಇಷ್ಟ. ಒಬ್ಬೊಬ್ಬರಿಗೆ ಒಂದೊಂದು ಬರುವ ಹಾಗೆ 10 ಸೆಂಟಿಮೀಟರ್ ಅಗಲದ ಅಚ್ಚಿನಲ್ಲಿ ಮಾಡುತ್ತೇನೆ. ಬೆಣ್ಣೆ, ಕ್ರೀಮ್ ಜಾಸ್ತಿ ಆಯಿತು ಅನಿಸಿ ಈಚೆಗೆ ಮೈದಾ ಪೂರ್ತಿ ಬಿಟ್ಟು ಗೋಧಿ ಹಿಟ್ಟು ಹಾಕಿದೆ. ಬೆಣ್ಣೆ ಅರ್ಧ ಮಾಡಿದೆ. ಕ್ರೀಮ್ ಬದಲು ಕೆನೆ ತೆಗೆದ ಹಾಲು ಬಳಸಿದೆ. ಕ್ರಸ್ಟ್ ಕಚ್ಚಲಾಗದಷ್ಟು ಗಟ್ಟಿ ಬಂತು, ತಳ ಮಾತ್ರ ಒದ್ದೆ. ಹೂರಣ ಒಡೆದು ನೀರು ಬಿಟ್ಟಿತು. ರುಚಿ ಕೆಡದ ಹಾಗೆ ಹಗುರ ಮಾಡುವುದು ಹೇಗೆ? ಮೊಟ್ಟೆ ಇಲ್ಲದೆಯೂ ಆಗುತ್ತದಾ?

ಉತ್ತರ: ನೀವು ಮಾಡಿದ ಮೂರು ಬದಲಾವಣೆಯಲ್ಲಿ ಯಾವುದೂ ತಪ್ಪಲ್ಲ. ಆದರೆ ಒಂದೊಂದರ ಜೊತೆಗೂ ಇನ್ನೊಂದು ಕೆಲಸ ಮಾಡಬೇಕಿತ್ತು, ಅದು ಬಿಟ್ಟುಹೋಗಿದೆ. ಒಂದೊಂದಾಗಿ ಹೇಳುತ್ತೇನೆ. ಅದಕ್ಕೂ ಮೊದಲು ಅಚ್ಚಿನ ಲೆಕ್ಕ ನೋಡೋಣ. ಟಾರ್ಟ್ ಹಗುರ ಮಾಡಲು ಹೊರಟವರು ಸಾಮಾನ್ಯವಾಗಿ ನೋಡದೇ ಬಿಡುವುದು ಇದನ್ನೇ.

24 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ಆಳದ ದೊಡ್ಡ ಅಚ್ಚು ತೆಗೆದುಕೊಳ್ಳಿ. ಅದರಲ್ಲಿ ಪ್ರತಿ 100 ಮಿಲಿ ಜಾಗಕ್ಕೆ ತಳ, ಗೋಡೆ ಸೇರಿ ಸುಮಾರು 50 ಚದರ ಸೆಂಟಿಮೀಟರ್ ಕಣಕ ಬೇಕು. ನಿಮ್ಮ 10 ಸೆಂಟಿಮೀಟರ್ ಅಚ್ಚು 2 ಸೆಂಟಿಮೀಟರ್ ಆಳ ಇದ್ದರೆ ಅದೇ 100 ಮಿಲಿಗೆ 90 ಚದರ ಸೆಂಟಿಮೀಟರ್ ಬೇಕಾಗುತ್ತದೆ. ಅಂದರೆ ಪುಟ್ಟ ಟಾರ್ಟ್‌ನಲ್ಲಿ ಹೂರಣಕ್ಕೆ ಹೋಲಿಸಿದರೆ ಕಣಕ ಹತ್ತಿರ ಹತ್ತಿರ ಎರಡರಷ್ಟು. ಚಿಕ್ಕದು ತಿಂದೆ, ಕಡಿಮೆ ತಿಂದೆ ಅಂದುಕೊಳ್ಳುತ್ತೇವೆ. ತಿಂದದ್ದರಲ್ಲಿ ಬೆಣ್ಣೆ ಕಲಸಿದ ಹಿಟ್ಟಿನ ಪಾಲೇ ಹೆಚ್ಚಾಗಿರುತ್ತದೆ. ಮಫಿನ್ ಟ್ರೇಯಲ್ಲಿ ಮಾಡಿದರೂ ಲೆಕ್ಕ ಬದಲಾಗುವುದಿಲ್ಲ, ಅಲ್ಲೂ ಅಷ್ಟೇ ಬರುತ್ತದೆ.

ಹಾಗಾಗಿ ಮೊದಲ ಕೆಲಸ ಕಣಕದ ದಪ್ಪ ಇಳಿಸುವುದು. ಮಾಮೂಲಿ ಕಣಕದಲ್ಲಿ ಎರಡು ಪಾಲು ಹಿಟ್ಟಿಗೆ ಒಂದು ಪಾಲು ಬೆಣ್ಣೆ ಇರುತ್ತದೆ. ಅದನ್ನು 3 ಮಿಲಿಮೀಟರ್ ದಪ್ಪ ಲಟ್ಟಿಸಿದರೆ ನಿಮ್ಮ ಒಂದು ಅಚ್ಚಿಗೆ ಸುಮಾರು 50 ಗ್ರಾಂ ಹೋಗುತ್ತದೆ. ಅಷ್ಟಕ್ಕೇ 200 ಕ್ಯಾಲರಿ ದಾಟುತ್ತದೆ. ಅದನ್ನೇ 2 ಮಿಲಿಮೀಟರ್ ಮಾಡಿದರೆ 34 ಗ್ರಾಂ ಸಾಕು, 140 ಕ್ಯಾಲರಿ. ಹಿಟ್ಟು ಬದಲಿಸಿಲ್ಲ, ಬೆಣ್ಣೆ ಬದಲಿಸಿಲ್ಲ, ಮೂರರಲ್ಲಿ ಒಂದು ಪಾಲು ಹೋಯಿತು. ತೆಳ್ಳಗಿನ ಕ್ರಸ್ಟ್ ಗರಿಗರಿಯಾಗಿಯೂ ಬರುತ್ತದೆ. ಯಾರಿಗೂ ಏನೋ ಕಡಿಮೆ ಆಯಿತು ಅನಿಸುವುದಿಲ್ಲ.

2 ಮಿಲಿಮೀಟರ್ ಅಂದರೆ ತೀರಾ ತೆಳು ಅನಿಸಬಹುದು. ಸುಮ್ನೆ ಹಿಟ್ಟು ಉದುರಿಸಿ ಹಲಗೆ ಮೇಲೆ ಲಟ್ಟಿಸಲು ಹೋದರೆ ಹರಿಯುತ್ತದೆ, ನಿಜ. ಎರಡು ಬೇಕಿಂಗ್ ಪೇಪರ್ ಮಧ್ಯೆ ಇಟ್ಟು ಲಟ್ಟಿಸಿ. ಒಂದೊಂದು ಟಾರ್ಟ್‌ಗೂ 40 ಗ್ರಾಂ ಉಂಡೆ ತೂಕ ಮಾಡಿಟ್ಟುಕೊಂಡರೆ ದಪ್ಪ ತಾನಾಗಿಯೇ ಒಂದೇ ಸಮ ಬರುತ್ತದೆ. ಲಟ್ಟಿಸಿದ ಹಾಳೆಯನ್ನು ಪೇಪರ್ ಸಮೇತ ಫ್ರಿಜ್‌ನಲ್ಲಿ 10 ನಿಮಿಷ ಇಟ್ಟರೆ ಎತ್ತುವುದು ಸುಲಭ. ಅಚ್ಚಿನೊಳಗೆ ಕೂರಿಸುವಾಗ ಎಳೆದು ಹಿಗ್ಗಿಸಬೇಡಿ. ಹಿಗ್ಗಿಸಿದ ಗೋಡೆ ಓವನ್‌ನಲ್ಲಿ ಕುಗ್ಗಿ ಕೆಳಗೆ ಜಾರುತ್ತದೆ. ಹಾಳೆ ಎತ್ತಿ, ಅದರ ಭಾರಕ್ಕೇ ಮೂಲೆಗೆ ಇಳಿಯಲು ಬಿಡಿ. ಅಂಚಿನಿಂದ ಹೊರಗೆ ಬಂದದ್ದನ್ನು ಒಳಗೆ ಮಡಚಿ ದಪ್ಪ ಅಂಚು ಮಾಡುವ ಅಭ್ಯಾಸ ಕೆಲವರಿಗಿದೆ. ನೋಡಲು ಚೆಂದ, ಆದರೆ ನೀವು ತೆಳ್ಳಗೆ ಲಟ್ಟಿಸಿ ಉಳಿಸಿದ್ದೆಲ್ಲ ಅಲ್ಲಿಗೆ ವಾಪಸ್ ಬಂದು ಕೂರುತ್ತದೆ. ಚಾಕುವಿನಿಂದ ಕತ್ತರಿಸಿಬಿಡಿ.

ಇನ್ನು ನಿಮ್ಮ ಗಟ್ಟಿ ಕ್ರಸ್ಟ್ ವಿಷಯ. ಬೆಣ್ಣೆ ಹಿಟ್ಟಿನ ಕಣಗಳನ್ನು ಸುತ್ತುವರಿದು ನೀರು ಒಳಗೆ ಹೋಗದಂತೆ ತಡೆಯುತ್ತದೆ. ನೀರು ಸಿಗದಿದ್ದರೆ ಗ್ಲುಟೆನ್ (ಹಿಟ್ಟಿಗೆ ಎಳೆತ ಕೊಡುವ ಪ್ರೋಟೀನು) ಜಾಸ್ತಿ ಬೆಳೆಯುವುದಿಲ್ಲ, ಕ್ರಸ್ಟ್ ಪುಡಿಪುಡಿಯಾಗಿ ಮುರಿಯುತ್ತದೆ. ಬೆಣ್ಣೆ ಅರ್ಧ ಮಾಡಿದಾಗ ಆ ತಡೆಯೂ ಅರ್ಧ ಆಯಿತು. ಜೊತೆಗೆ ಗೋಧಿ ಹಿಟ್ಟಿನ ತೌಡು ನೀರು ಕುಡಿಯುತ್ತದೆ, ಅದೂ ನಿಧಾನವಾಗಿ. ಕಲಸುವಾಗ ಒಣ ಅನಿಸಿ ನೀವು ನಾದಿರುತ್ತೀರಿ, ಅಲ್ವಾ? ನಾದಿದಷ್ಟೂ ಗ್ಲುಟೆನ್ ಬಲವಾಗುತ್ತದೆ. ಕಡಿಮೆ ಕೊಬ್ಬು, ಜಾಸ್ತಿ ನಾದುವಿಕೆ ಎರಡೂ ಸೇರಿದರೆ ಕ್ರಸ್ಟ್ ಗಟ್ಟಿಯಾಗದೆ ಇರುವುದಿಲ್ಲ.

ಗೋಧಿ ಹಿಟ್ಟು ಬಿಡಬೇಡಿ. 100 ಗ್ರಾಂ ಮೈದಾದಲ್ಲಿ ನಾರು 3 ಗ್ರಾಂ ಆಸುಪಾಸು, ತೌಡು ಸಮೇತ ಇರುವ ಗೋಧಿ ಹಿಟ್ಟಿನಲ್ಲಿ 10 ಗ್ರಾಂ ಆಸುಪಾಸು. ವ್ಯತ್ಯಾಸ ದೊಡ್ಡದು. ಆದರೆ ಪೂರ್ತಿ ಗೋಧಿಯ ಬದಲು ಅರ್ಧ ಗೋಧಿ, ಅರ್ಧ ಮೈದಾ ಹಾಕಿ. ನನ್ನ ಪ್ರಕಾರ ಟಾರ್ಟ್‌ಗೆ ಸರಿಹೊಂದುವ ಅಳತೆ ಇದೇ. ಇನ್ನೂ ಮೆತ್ತಗೆ ಬೇಕಾದರೆ ಮೈದಾದ ಪಾಲಿನಲ್ಲಿ 30 ಗ್ರಾಂ ತೆಗೆದು ಓಟ್ಸ್ ಪುಡಿ ಹಾಕಿ. ಅದರಲ್ಲಿ ಗ್ಲುಟೆನ್ ಇಲ್ಲದ ಕಾರಣ ಕ್ರಸ್ಟ್ ಸುಲಭವಾಗಿ ಮುರಿಯುತ್ತದೆ. ಕಲಸಿದ ಮೇಲೆ ಅರ್ಧ ಗಂಟೆ ಮುಚ್ಚಿ ಬಿಡುವುದು ಕಡ್ಡಾಯ. ಆಗಲೇ ತೌಡು ನೀರು ಹೀರಿ ಮೆತ್ತಗಾಗುವುದು. ಅವಸರ ಇರುವ ದಿನ ಬೇರೇನಾದರೂ ಮಾಡಿ, ಟಾರ್ಟ್ ಬೇಡ.

ಬೆಣ್ಣೆ ಬದಲು ಎಣ್ಣೆ ಹಾಕಬಹುದು. ನನಗೆ ಖಾರದ ಟಾರ್ಟ್‌ಗೆ ಆಲಿವ್ ಎಣ್ಣೆಯ ಕಣಕವೇ ಹೆಚ್ಚು ಇಷ್ಟ. 8 ಪುಟ್ಟ ಟಾರ್ಟ್‌ಗೆ 100 ಗ್ರಾಂ ಗೋಧಿ ಹಿಟ್ಟು, 100 ಗ್ರಾಂ ಮೈದಾ, ಅರ್ಧ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು, ಒಣಗಿದ ಥೈಮ್ ಅಥವಾ ಕುಟ್ಟಿದ ಕಾಳುಮೆಣಸು, 50 ಮಿಲಿ ಎಣ್ಣೆ, 80ರಿಂದ 90 ಮಿಲಿ ತಣ್ಣೀರು. ಮೊದಲು ಎಣ್ಣೆಯನ್ನು ಹಿಟ್ಟಿಗೆ ಬೆರಳ ತುದಿಯಿಂದ ಉಜ್ಜಿ. ಎಲ್ಲ ಕಡೆ ಹಿಡಿದ ಮೇಲೆ ನೀರು ಸ್ವಲ್ಪ ಸ್ವಲ್ಪವೇ ಹಾಕಿ. ಉಂಡೆ ಕಟ್ಟಲು ಬಂದರೆ ನಿಲ್ಲಿಸಿ, ನಾದಬೇಡಿ. ಎಣ್ಣೆ ಕಣಕದಲ್ಲಿ ಬೆಣ್ಣೆಯ ಹಾಗೆ ಪದರ ಏಳುವುದಿಲ್ಲ. ಪದರ ಬರಬೇಕಾದರೆ ಹಿಟ್ಟಿನ ಮಧ್ಯೆ ಗಟ್ಟಿ ಕೊಬ್ಬಿನ ಚೂರುಗಳು ಉಳಿಯಬೇಕು, ಎಣ್ಣೆ ಹಾಗೆ ಉಳಿಯುವುದಿಲ್ಲ. ಇದು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಈ ಕಣಕವನ್ನು 2 ಮಿಲಿಮೀಟರ್ ಲಟ್ಟಿಸಿದರೆ ಒಂದು ಟಾರ್ಟ್‌ನ ಕ್ರಸ್ಟ್‌ಗೆ ಸುಮಾರು 110 ಕ್ಯಾಲರಿ. ಸ್ಯಾಚುರೇಟೆಡ್ ಕೊಬ್ಬು 1 ಗ್ರಾಂಗಿಂತ ಕಡಿಮೆ. ದಪ್ಪ ಬೆಣ್ಣೆ ಕ್ರಸ್ಟ್‌ನಲ್ಲಿ ಅದು 7 ಗ್ರಾಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಪ್ರಕಾರ ದಿನದ ಶಕ್ತಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ಶೇಕಡಾ 10 ಮೀರಬಾರದು. 2000 ಕ್ಯಾಲರಿ ತಿನ್ನುವವರಿಗೆ ಅದು ದಿನಕ್ಕೆ 22 ಗ್ರಾಂ. ಈಗ ಆ 7 ಗ್ರಾಂ ಎಷ್ಟು ದೊಡ್ಡದು ಅಂತ ನೀವೇ ನೋಡಿ.

ಬೆಣ್ಣೆಯ ಪರಿಮಳ ಬೇಕೇ ಬೇಕು ಅನ್ನುವವರು ಅದೇ 200 ಗ್ರಾಂ ಹಿಟ್ಟಿಗೆ 60 ಗ್ರಾಂ ತಣ್ಣಗಿನ ಬೆಣ್ಣೆ, 60 ಗ್ರಾಂ ನೀರು ಬಸಿದ ಗಟ್ಟಿ ಮೊಸರು ಹಾಕಿ, ಬೇಕಾದಷ್ಟು ನೀರು ಚಿಮುಕಿಸಿ ಕಲಸಬಹುದು. ಮೊಸರಿನ ಹುಳಿ ಕ್ರಸ್ಟ್ ಮೆತ್ತಗೆ ಬರಲು ಸಹಾಯ ಮಾಡುತ್ತದೆ.

ಆರೋಗ್ಯದ ಹೆಸರಿನಲ್ಲಿ ಬರುವ ಎರಡು ಸಲಹೆ ನನಗೆ ಒಪ್ಪಿಗೆಯಿಲ್ಲ. ಒಂದು, ಬೆಣ್ಣೆ ಬದಲು ತೆಂಗಿನೆಣ್ಣೆ. ಬೆಣ್ಣೆಯಲ್ಲಿ ಸುಮಾರು ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು ಇದ್ದರೆ ತೆಂಗಿನೆಣ್ಣೆಯಲ್ಲಿ ಅದು ಶೇಕಡಾ 80 ಮೀರುತ್ತದೆ. ಈ ಲೆಕ್ಕದಲ್ಲಿ ಅದು ಹಗುರ ಅಲ್ಲವೇ ಅಲ್ಲ. ಇನ್ನೊಂದು, ಬಾದಾಮಿ ಪುಡಿಯ ಕ್ರಸ್ಟ್. ಬಾದಾಮಿ ಒಳ್ಳೆಯದೇ. ಆದರೆ 100 ಗ್ರಾಂಗೆ 600 ಕ್ಯಾಲರಿ ಹತ್ತಿರ ಬರುತ್ತದೆ, ಗೋಧಿ ಹಿಟ್ಟಿನದು 350 ಹತ್ತಿರ. ಗ್ಲುಟೆನ್ ತಿನ್ನಲಾಗದವರಿಗೆ ಅದು ಬೇಕಾಗಬಹುದು. ಹಗುರ ಆಗಲಿ ಅಂತ ಹಾಕುವುದಾದರೆ ಅರ್ಥವಿಲ್ಲ.

ಕಣಕ ಕಲಸುವುದೇ ಬೇಡ ಅನಿಸಿದರೆ ಫಿಲೋ ಅನ್ನುವ, ಕಾಗದದಷ್ಟು ತೆಳ್ಳಗಿನ ಸಿದ್ಧ ಹಿಟ್ಟಿನ ಹಾಳೆ ಇದೆ. ಹಿಟ್ಟು, ನೀರು, ಚೂರು ಎಣ್ಣೆ ಅಷ್ಟೇ ಅದರಲ್ಲಿರುವುದು. 12 ಸೆಂಟಿಮೀಟರ್ ಚೌಕ ಮೂರು ಕತ್ತರಿಸಿ, ಪ್ರತಿ ಪದರಕ್ಕೂ ಬ್ರಷ್‌ನಿಂದ ಎಣ್ಣೆ ಸವರಿ, ಮೂಲೆಗಳು ಒಂದರ ಮೇಲೊಂದು ಬರದ ಹಾಗೆ ತಿರುಗಿಸಿ ಮಫಿನ್ ಅಚ್ಚಿನಲ್ಲಿ ಕೂರಿಸಿ. ಖಾಲಿಯಾಗಿಯೇ 180 ಡಿಗ್ರಿಯಲ್ಲಿ 6ರಿಂದ 8 ನಿಮಿಷ ಬೇಯಿಸಿ. ಕೆಲಸ ಮಾಡುವಾಗ ಉಳಿದ ಹಾಳೆಗಳ ಮೇಲೆ ಒದ್ದೆ ಬಟ್ಟೆ ಇರಲಿ, ಇಲ್ಲದಿದ್ದರೆ ಕೈಯಲ್ಲೇ ಪುಡಿಯಾಗುತ್ತದೆ. ಫಿಲೋ ಟಾರ್ಟ್ ಅವತ್ತೇ ತಿನ್ನಬೇಕು, ಮರುದಿನಕ್ಕೆ ಮೆತ್ತಗಾಗುತ್ತದೆ. ಪಫ್ ಹಾಳೆಯನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದರ ಪದರ ಪದರದಲ್ಲೂ ಕೊಬ್ಬೇ ಇರುತ್ತದೆ. ಹೂಕೋಸು ತುರಿದು ಮಾಡುವ ಕ್ರಸ್ಟ್ ಬಗ್ಗೆ ಬಹಳ ಜನ ಕೇಳುತ್ತಾರೆ. ಪುಟ್ಟ ಅಚ್ಚಿನಿಂದ ಅದು ಮುರಿಯದೆ ಈಚೆ ಬರುವುದೇ ಕಷ್ಟ, ನಾನು ಸಲಹೆ ಮಾಡುವುದಿಲ್ಲ. ಅದಕ್ಕಿಂತ ಹೂರಣವನ್ನು ಪಿಂಗಾಣಿ ಬಟ್ಟಲಿಗೆ ಹಾಕಿ ಮೇಲೆ ಮಾತ್ರ ಒಂದು ತೆಳ್ಳಗಿನ ಕಣಕದ ಮುಚ್ಚಳ ಇಡಿ. ಕಣಕ ಅರ್ಧಕ್ಕೆ ಇಳಿಯುತ್ತದೆ, ಒದ್ದೆ ತಳದ ಚಿಂತೆಯೂ ಇಲ್ಲ. ಅದನ್ನು ಟಾರ್ಟ್ ಅನ್ನಬೇಕೋ ಬೇಡವೋ, ತಿನ್ನುವವರು ಜಗಳ ಮಾಡಿಕೊಳ್ಳಲಿ.

ಒದ್ದೆ ತಳಕ್ಕೆ ಕಾರಣ ಎರಡು. ಹಸಿ ಕಣಕಕ್ಕೆ ಹೂರಣ ಸುರಿದಿರುತ್ತೀರಿ, ಇಲ್ಲವೇ ತರಕಾರಿ ನೀರು ಬಿಟ್ಟಿರುತ್ತದೆ. ಹೆಚ್ಚಾಗಿ ಎರಡೂ. ಕಣಕವನ್ನು ಮೊದಲೇ ಬೇಯಿಸಿಕೊಳ್ಳಿ. ಫೋರ್ಕ್‌ನಿಂದ ತಳ ಚುಚ್ಚಿ, ಬೇಕಿಂಗ್ ಪೇಪರ್ ಹಾಸಿ, ಅದರ ಮೇಲೆ ಒಣ ಕಾಳು ತುಂಬಿ 190 ಡಿಗ್ರಿಯಲ್ಲಿ 12 ನಿಮಿಷ. ಆಮೇಲೆ ಕಾಳು, ಪೇಪರ್ ತೆಗೆದು ಇನ್ನೂ 5 ನಿಮಿಷ. ಬಿಸಿ ಇರುವಾಗಲೇ ಕಲಕಿದ ಮೊಟ್ಟೆಯ ಬಿಳಿ ತೆಳ್ಳಗೆ ಸವರಿ 2 ನಿಮಿಷ ಮತ್ತೆ ಒಳಗಿಡಿ. ಚುಚ್ಚಿದ ತೂತುಗಳು ಮುಚ್ಚಿಹೋಗುತ್ತವೆ. ಅಚ್ಚು ತೆಳು ಲೋಹದ್ದಾಗಿರಲಿ. ಸಿಲಿಕಾನ್ ಅಚ್ಚು ನಿಧಾನವಾಗಿ ಕಾಯುತ್ತದೆ, ತಳ ಕೆಂಪಗಾಗುವುದಿಲ್ಲ. ಓವನ್ ಕಾಯುವಾಗಲೇ ಒಂದು ಟ್ರೇ ಒಳಗಿಟ್ಟು, ಆ ಬಿಸಿ ಟ್ರೇ ಮೇಲೆ ಅಚ್ಚುಗಳನ್ನು ಇಟ್ಟರೆ ಇನ್ನೂ ಒಳ್ಳೆಯದು. ನಿಮ್ಮದು ಫ್ಯಾನ್ ಇರುವ ಓವನ್ ಆದರೆ ನಾನು ಹೇಳಿದ ಉಷ್ಣತೆಯಲ್ಲಿ 20 ಡಿಗ್ರಿ ಕಡಿಮೆ ಇಡಿ.

ತರಕಾರಿಯಲ್ಲಿ ಎಷ್ಟು ನೀರಿದೆ ಅನ್ನುವುದನ್ನು ನಾವು ಮರೆಯುತ್ತೇವೆ. ಅಣಬೆ, ಪಾಲಕ್, ಟೊಮೆಟೊ, ಝುಕಿನಿ ಎಲ್ಲದರಲ್ಲೂ ಶೇಕಡಾ 90ಕ್ಕಿಂತ ಜಾಸ್ತಿ ನೀರೇ. ಅದು ಓವನ್‌ಗೆ ಹೋಗುವ ಮೊದಲೇ ಹೋಗಬೇಕು. ಅಣಬೆಯನ್ನು ಎಣ್ಣೆ ಇಲ್ಲದೆ ಬಿಸಿ ಬಾಣಲೆಗೆ ಹಾಕಿ. ಮೊದಲು ನೀರು ಬಿಡುತ್ತದೆ, ಆಮೇಲೆ ಆ ನೀರು ಇಂಗಿ ಅಂಚು ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ಒಂದು ಚಮಚ ಎಣ್ಣೆ ಸಾಕು. ಮೊದಲೇ ಎಣ್ಣೆ ಹಾಕಿದರೆ ಅಣಬೆ ಅದನ್ನೂ ಹೀರುತ್ತದೆ. ಪಾಲಕ್ ಬಾಡಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಹಿಂಡಿ. 250 ಗ್ರಾಂ ಸೊಪ್ಪು ಒಂದು ಮುಷ್ಟಿಗೆ ಇಳಿಯಬೇಕು, ಅಷ್ಟು ಹಿಂಡಿ. ಝುಕಿನಿಗೆ ಉಪ್ಪು ಸವರಿ 20 ನಿಮಿಷ ಬಿಟ್ಟು ಹಿಂಡಿ, ಮತ್ತೆ ಹೂರಣಕ್ಕೆ ಉಪ್ಪು ಹಾಕಲು ಹೋಗಬೇಡಿ. ಟೊಮೆಟೊ ಬೀಜ ತೆಗೆದು 160 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಒಣಗಿಸಿದರೆ ಹುಳಿ ಸಿಹಿ ಎರಡೂ ಗಾಢವಾಗುತ್ತವೆ. ನೀರು ಹೋದ ತರಕಾರಿಗೆ ರುಚಿ ಜಾಸ್ತಿ, ಜಾಗ ಕಡಿಮೆ. ಹೀಗೆ ಬೇಯಿಸಿ ನೀರು ತೆಗೆದ ಮೇಲೆ ಟಾರ್ಟ್ ಒಂದಕ್ಕೆ 50ರಿಂದ 60 ಗ್ರಾಂ ತರಕಾರಿ ಹಿಡಿಯುತ್ತದೆ. ಹೂರಣದಲ್ಲಿ ತರಕಾರಿಯೇ ಹೆಚ್ಚಿರಬೇಕು, ಮೊಟ್ಟೆ ಹಾಲಿನ ಮಿಶ್ರಣ ಅದನ್ನು ಹಿಡಿದಿಡಲು ಮಾತ್ರ.

ಈಗ ಒಡೆದ ಹೂರಣ. ಕ್ರೀಮ್‌ನಲ್ಲಿರುವ ಕೊಬ್ಬು ಮೊಟ್ಟೆಯ ಪ್ರೋಟೀನು ಒಂದಕ್ಕೊಂದು ಬಿಗಿಯಾಗಿ ಅಂಟದ ಹಾಗೆ ನೋಡಿಕೊಳ್ಳುತ್ತದೆ. ಹಾಲಿನಲ್ಲಿ ಆ ರಕ್ಷಣೆ ಇಲ್ಲ. ಮೊಟ್ಟೆ ಹಾಲಿನ ಮಿಶ್ರಣ 80 ಡಿಗ್ರಿ ಹತ್ತಿರ ಗಟ್ಟಿಯಾಗುತ್ತದೆ. 85 ದಾಟಿದರೆ ಪ್ರೋಟೀನು ಬಿಗಿದುಕೊಂಡು ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ಕ್ರೀಮ್ ಇದ್ದಾಗ ಸ್ವಲ್ಪ ಹೆಚ್ಚು ಕಡಿಮೆ ಆದರೂ ನಡೆಯುತ್ತದೆ, ಹಾಲಿಗೆ ಆ ಸಲುಗೆ ಇಲ್ಲ. ಅದಕ್ಕೇ ಒಣ ಕಾಳಿಟ್ಟು ಬೇಯಿಸಿದ 190 ಡಿಗ್ರಿಯಲ್ಲೇ ಮುಂದುವರಿಸಬಾರದು. ಓವನ್ 165ಕ್ಕೆ ಇಳಿಸಿ ಆಮೇಲೆ ಹೂರಣ ಹಾಕಿ. 18ರಿಂದ 22 ನಿಮಿಷ ಬೇಕಾಗುತ್ತದೆ. ಅಂಚು ಗಟ್ಟಿಯಾಗಿ, ಅಚ್ಚು ಅಲ್ಲಾಡಿಸಿದಾಗ ನಡುಭಾಗ ಇನ್ನೂ ಸ್ವಲ್ಪ ಕುಲುಕುತ್ತಿರುವಾಗಲೇ ಹೊರಗೆ ತೆಗೆಯಿರಿ. ಒಳಗಿನ ಬಿಸಿಗೆ ಉಳಿದದ್ದು ತಾನೇ ಬೇಯುತ್ತದೆ. ಮೇಲ್ಭಾಗ ಉಬ್ಬಿ ನಿಂತಿದೆ ಅಂದರೆ ಆಗಲೇ ತಡವಾಗಿದೆ.

ಅಳತೆ ಹೀಗಿರಲಿ: 8 ಟಾರ್ಟ್‌ಗೆ 4 ಮೊಟ್ಟೆ, 150 ಮಿಲಿ ಹಾಲು, 80 ಗ್ರಾಂ ಬಸಿದ ಗಟ್ಟಿ ಮೊಸರು, ಒಂದು ಚಮಚ ಕಾರ್ನ್‌ಫ್ಲೋರ್, ಅರ್ಧ ಚಮಚ ಸಾಸಿವೆ ಪೇಸ್ಟ್. ಕಾರ್ನ್‌ಫ್ಲೋರ್ ಮೊದಲು ಮೊಸರಿನಲ್ಲಿ ಗಂಟಿಲ್ಲದೆ ಕಲಸಿಕೊಳ್ಳಿ. ಕ್ರೀಮ್ ಬಿಟ್ಟ ಜಾಗದಲ್ಲಿ ಹೂರಣ ಒಡೆಯದಂತೆ ಕಾಯುವುದು ಅದೇ. ಹಾಲು ತೀರಾ ಕೆನೆ ತೆಗೆದದ್ದು ಬೇಡ. ಅರ್ಧ ಕೆನೆ ಇದ್ದರೂ ಒಂದು ಟಾರ್ಟ್‌ಗೆ ಬರುವ ವ್ಯತ್ಯಾಸ ಕೆಲವೇ ಕ್ಯಾಲರಿ, ರುಚಿಯಲ್ಲಿ ಮಾತ್ರ ತುಂಬಾ. ಜೋರಾಗಿ ಬೀಟ್ ಮಾಡಬೇಡಿ. ಗಾಳಿ ಸೇರಿದರೆ ಹೂರಣ ಉಬ್ಬಿ ಆಮೇಲೆ ಕುಸಿಯುತ್ತದೆ.

ಚೀಸ್ ಕಡಿಮೆ ಮಾಡಿ, ಆದರೆ ಸಪ್ಪೆ ಚೀಸ್‌ಗೆ ಇಳಿಯಬೇಡಿ. ಚೆನ್ನಾಗಿ ಮಾಗಿದ, ವಾಸನೆ ಖಾರವಾಗಿರುವ ಗಟ್ಟಿ ಚೀಸ್ 8 ಟಾರ್ಟ್‌ಗೆ 60 ಗ್ರಾಂ ಸಾಕು. ತೀರಾ ಸಣ್ಣಗೆ ತುರಿದು ಹೆಚ್ಚಿನದನ್ನು ಮೇಲೆ ಉದುರಿಸಿ. ನಾಲಿಗೆಗೆ ಮೊದಲು ತಾಗುವುದು ಅಲ್ಲೇ, ಒಳಗೆ ಬೆರೆಸಿದರೆ ಅರ್ಧ ರುಚಿ ಗೊತ್ತೇ ಆಗುವುದಿಲ್ಲ. ಸಾಸಿವೆ ಕೂಡ ಚೀಸ್ ರುಚಿಯನ್ನು ಎತ್ತಿ ಕೊಡುತ್ತದೆ. ಫೆಟಾ ಹಾಕಿದರೆ ಕೊಬ್ಬು ಕಡಿಮೆ, ಆದರೆ ಉಪ್ಪು ಜಾಸ್ತಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಣಕದಲ್ಲಿ ಉಪ್ಪಿದೆ, ಚೀಸ್‌ನಲ್ಲಿದೆ, ಹೂರಣಕ್ಕೆ ಬೇರೆ ಹಾಕುವ ಮೊದಲು ಒಮ್ಮೆ ಯೋಚಿಸಿ. ಹ್ಯಾಮ್, ಬೇಕನ್ ಹಾಕುವವರಿಗೆ ಒಂದು ಮಾತು. ಸಂಸ್ಕರಿಸಿದ ಮಾಂಸವನ್ನು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥವುಗಳ ಪಟ್ಟಿಗೆ ಸೇರಿಸಿದೆ. ಬೇಯಿಸಿದ ಕೋಳಿ ಅಥವಾ ಮೀನಿನ ಚೂರು ಹಾಕಿದರೆ ಟಾರ್ಟ್‌ಗೆ ಏನೂ ನಷ್ಟವಿಲ್ಲ.

ಇಷ್ಟೆಲ್ಲ ಸೇರಿ ಒಂದು ಟಾರ್ಟ್‌ಗೆ ಸುಮಾರು 230 ಕ್ಯಾಲರಿ, 9 ಗ್ರಾಂ ಪ್ರೋಟೀನು ಬರುತ್ತದೆ. ದಪ್ಪ ಬೆಣ್ಣೆ ಕ್ರಸ್ಟ್, ಕ್ರೀಮ್, ಟಾರ್ಟ್‌ಗೆ 30 ಗ್ರಾಂ ಚೀಸ್ ಹಾಕಿ ಮಾಡಿದ್ದಾದರೆ 500 ಹತ್ತಿರ ಇರುತ್ತದೆ.

ಮೊಟ್ಟೆ ಇಲ್ಲದೆ ಖಂಡಿತ ಆಗುತ್ತದೆ. 300 ಗ್ರಾಂ ಸಿಲ್ಕನ್ ತೋಫು (ಸೋಯಾ ಹಾಲಿನಿಂದ ಮಾಡಿದ, ಗಟ್ಟಿ ಮೊಸರಿನಷ್ಟು ಮೆತ್ತಗಿನ ತೋಫು), 100 ಮಿಲಿ ಹಾಲು, 15 ಗ್ರಾಂ ಕಾರ್ನ್‌ಫ್ಲೋರ್, ಸಾಸಿವೆ ಪೇಸ್ಟ್, ಕಾಳುಮೆಣಸು ಎಲ್ಲ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ. ಆದರೆ ಬೇಯಿಸುವ ನಿಯಮ ಇಲ್ಲಿ ತಿರುಗುಮುರುಗು. ಮೊಟ್ಟೆಗೆ ಬಿಸಿ ಜಾಸ್ತಿಯಾದರೆ ಕಷ್ಟ, ಕಾರ್ನ್‌ಫ್ಲೋರ್‌ಗೆ ಕಡಿಮೆಯಾದರೆ ಕಷ್ಟ. ಅದು ಪೂರ್ತಿ ಗಟ್ಟಿಯಾಗಲು ಕುದಿಯುವ ಹತ್ತಿರಕ್ಕೆ ಹೋಗಬೇಕು. ಹಾಗಾಗಿ 180 ಡಿಗ್ರಿಯಲ್ಲಿ 25 ನಿಮಿಷ, ಅಂಚಿನಲ್ಲಿ ಗುಳ್ಳೆ ಕಾಣುವ ತನಕ ಬಿಡಿ. ಹೊರಗೆ ತೆಗೆದಾಗ ಮೆತ್ತಗೆ ಕಂಡರೆ ಗಾಬರಿ ಬೇಡ, ಕಾಲು ಗಂಟೆ ಆರಿದರೆ ಚಾಕು ಹಾಕಿದಾಗ ನಿಲ್ಲುತ್ತದೆ. ತೋಫು ಸಿಗದಿದ್ದರೆ 90 ಗ್ರಾಂ ಕಡಲೆ ಹಿಟ್ಟನ್ನು 350 ಮಿಲಿ ನೀರಿನಲ್ಲಿ ಕಲಕಿ, ಒಲೆಯ ಮೇಲೆ ಹಸಿ ವಾಸನೆ ಹೋಗುವ ತನಕ ಮಗುಚಿ, ತರಕಾರಿ ಸೇರಿಸಿ ತುಂಬಬಹುದು. ಮೊಟ್ಟೆಯ ಬಿಳಿ ಇಲ್ಲದ ಕಾರಣ ತಳಕ್ಕೆ ಒಂದು ಚಮಚ ಒಣ ಬ್ರೆಡ್ ಪುಡಿ ಉದುರಿಸಿ.

ಒಟ್ಟಿಗೆ ಮಾಡಿಡುವುದಾದರೆ ಬೇಯಿಸಿದ ಖಾಲಿ ಕ್ರಸ್ಟ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿ, ಒಂದು ತಿಂಗಳು ಚೆನ್ನಾಗಿರುತ್ತವೆ. ಬೇಕಾದಷ್ಟು ತೆಗೆದು, ಕರಗಿಸುವ ಅಗತ್ಯವೂ ಇಲ್ಲದೆ ಹೂರಣ ತುಂಬಬಹುದು. ತುಂಬಿ ಬೇಯಿಸಿದ ಟಾರ್ಟ್ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಲಿ, ಮೂರು ದಿನದೊಳಗೆ ಮುಗಿಸಿ. ಬಿಸಿ ಮಾಡಲು ಮೈಕ್ರೋವೇವ್ ಬೇಡ, ಕ್ರಸ್ಟ್ ತೊಗಲಿನಂತಾಗುತ್ತದೆ. ಓವನ್‌ನಲ್ಲಿ 170 ಡಿಗ್ರಿಗೆ 10 ನಿಮಿಷ ಇಟ್ಟು, ನಡುಭಾಗವೂ ಚೆನ್ನಾಗಿ ಬಿಸಿಯಾಗಿದೆಯಾ ಅಂತ ನೋಡಿಕೊಂಡು ತೆಗೆಯಿರಿ.